ಮೊದಲು ಕುಂತವರು ಯಾರು

ಗಣಿಯ ಆ ಭರಾಟೆಯಲ್ಲಿ ಹೊಸಪೇಟೆಯಲ್ಲಿ ಮಂದಿ ಲಾರಿ ಕೊಂಡರು. ನಾನು ಡಾಕ್ಟರೇಟಿಗೆ ಸೇರಿಕೊಂಡೆ. ಸಂಡೂರು ಕಡೆಯ ಗಣಿಯೊಂದರಲ್ಲಿ ಕೂಲಿಕಾರರ ಹಾಜರಿ, ರಜೆ, ಶಿಸ್ತು ನೋಡುವ ಅಧಿಕಾರಿ ನಾನು. ಓದುವ ವಿಷಯ ಜಾಗತಿಕ ನಾಯಕತ್ವ. ವಿಶ್ವವಿದ್ಯಾಲಯ ವಿದೇಶದ್ದು, ಪಾಠವೆಲ್ಲ ಇಂಟರ್ನೆಟ್ಟಿನಲ್ಲಿ. ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದೆ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿಮ್ಮ ಮುಕ್ಕಾಲು ಎಲ್ಲೈತ್ರಿ?" ಎಂದು ಹೆಂಡತಿ ಛೇಡಿಸುತ್ತಿದ್ದಳು. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಪ್ರಬಂಧದ ಒಂದು ಅಧ್ಯಾಯಕ್ಕೆ ನಾನು ಕಣ್ಣಾರೆ ಕಂಡ ನಾಯಕರೊಬ್ಬರು ಬೇಕಾಗಿದ್ದರು. ಗಾದಿಗನೂರಿನಿಂದ ಅದಿರು ಆರಿಸಲು ಬರುತ್ತಿದ್ದ ಹೆಣ್ಣಾಳುಗಳಲ್ಲಿ ಹಿರಿಯಳೊಬ್ಬಳನ್ನು ಆರಿಸಿದೆ. ಐವತ್ತು ದಾಟಿದ ಹೆಂಗಸು. ಹಿಂದಿನ ಬೇಸಿಗೆ ನೀರಿನ ಟ್ಯಾಂಕರ್ ಬಾರದ ದಿನ ಅಷ್ಟೂ ಹೆಂಗಸರು ಬುಟ್ಟಿ ಬಿಟ್ಟು ಕೂತುಬಿಟ್ಟಿದ್ದರು. ಜೀಪಿನಲ್ಲಿ ಹೋದವನು, "ಮೊದಲು ಕುಂತಾಕಿ ಯಾರು?" ಎಂದು ಗದರಿದ್ದೆ. "ನಾನ್ರಿ" ಎಂದು ಈಕೆ ಎದ್ದು ನಿಂತಿದ್ದಳು. ಒಂದು ವಾರ ಕೆಲಸಕ್ಕೆ ಬರಬೇಡ ಎಂದು ಕಳಿಸಿದ್ದೆ. ಟ್ಯಾಂಕರ್ ಮಾತ್ರ ಅವತ್ತು ಮಧ್ಯಾಹ್ನದೊಳಗೆ ಬಂದಿತ್ತು.

ಅದನ್ನೇ ಬರೆದೆ. ಅಧಿಕಾರವಿಲ್ಲದವಳು ಆಜ್ಞೆ ಕೊಟ್ಟಳು, ಗುಂಪು ಹಿಂಬಾಲಿಸಿತು ಎಂದು. ನನ್ನ ಸಿದ್ಧಾಂತಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಯಾರ ಬಗ್ಗೆ ಬರೆಯುತ್ತೇವೋ ಅವರಿಗೆ ಓದಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕೆಂದು ವಿಶ್ವವಿದ್ಯಾಲಯದ ನಿಯಮ. ಸೋಮವಾರದೊಳಗೆ ಅಧ್ಯಾಯ ಹೋಗದಿದ್ದರೆ ಮುಂದಿನ ಸರದಿಗೆ ಆರು ತಿಂಗಳು ಕಾಯಬೇಕಿತ್ತು.

ಶನಿವಾರ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ, ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಇಂಕ್ ಪ್ಯಾಡ್ ಮುಂದಿಟ್ಟೆ. ಆಕೆ ಕೈ ಚಾಚಲಿಲ್ಲ.

"ಇದು ಖರೇ ಅಲ್ರಿ ಸಾಹೇಬ್ರ. ಮೊದಲು ಕುಂತಾಕಿ ನಾನಲ್ಲ."

"ಮತ್ತ ಅವತ್ತು ನಾನೇ ಅಂದಿಯಲ್ಲ?"

"ಒಬ್ಬಾಕಿ ಬಸುರಿ ತಲಿ ತಿರುಗಿ ಕುಂತ್ಲು. ಬಸುರಿ ಅಂತ ಗೊತ್ತಾಗಿದ್ರ ನೀವು ಆಕೀನ ಕೆಲಸದಿಂದ ತೆಗದುಬಿಡ್ತಿದ್ರಿ. ಅದಕ್ಕ ನಾ ಆಕಿ ಮಗ್ಗಲ್ದಾಗ ಕುಂತೆ. ಉಳಿದಾರೂ ಕುಂತ್ರು. ಯಾರಿಗೂ ಏನೂ ಹೇಳಿಲ್ಲ ನಾನು. ಈಗ ಆಕಿ ಹಡದು ಕಂಪ್ಲ್ಯಾಗ ಗಂಡನ ಮನ್ಯಾಗ ಅದಾಳ, ಹೆದರಿಕಿ ಇಲ್ಲ."

"ಆಗ ಹೇಳಿದ ಸುಳ್ಳು ಈಗ ಯಾಕ ಬ್ಯಾಡ?"

"ಬಾಯಿಲೆ ಹೇಳಿದ್ದು ಬ್ಯಾರೆ. ಹೆಬ್ಬೆಟ್ಟು ಒತ್ತಿ ಹ್ಯಾಂಗ ಸುಳ್ಳು ಹೇಳ್ಲಿ?"

ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು. ಎಂಥ ಹೆಂಗಸಪ್ಪ ಇವಳು ಅನಿಸಿತು. ವಾರ ಪೂರ್ತಿ ಮನೆಯಲ್ಲಿ ಕೂತವಳು ವರ್ಷವಾದರೂ ಅದನ್ನು ಯಾರ ಮುಂದೂ ಆಡಿರಲಿಲ್ಲ. ನಾನು ಓದಿದ ಪಾಠಗಳಲ್ಲಿ ನಾಯಕನೆಂದರೆ ಮುಂದೆ ನಡೆಯುವವನು. ಎರಡನೆಯವಳಾಗಿ ಕೂತು ಮೊದಲಿನವಳನ್ನು ಕಾಯುವವಳ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇರಲಿಲ್ಲ.

ಅಧ್ಯಾಯವನ್ನು ಹೊಸದಾಗಿ ಬರೆಯಲು ಕೂತೆ. ಸೋಮವಾರ ದಾಟಿತು, ಆರು ತಿಂಗಳು ಹೋದವು. ಬರೆದದ್ದನ್ನು ಮತ್ತೆ ಒಯ್ದು ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು.

"ಈಗ ಬರೋಬ್ಬರಿ ಐತಿ. ನನ್ನ ಒಂದ್ ವಾರ ಕೆಲಸ ಬಿಡಿಸಿದಾತ ಯಾರಂತ ಬರದೀರಿ?"

"ಒಬ್ಬ ಅಧಿಕಾರಿ ಅಂತ."

ಆಕೆ ನಕ್ಕಳು, ಬೈಯಲಿಲ್ಲ. ಹೆಬ್ಬೆಟ್ಟನ್ನು ಇಂಕಿಗೆ ಒತ್ತಿ, ಹಾಳೆಯ ಮೇಲಕ್ಕೆ ತಂದು, ಅಲ್ಲೇ ತಡೆದು ನನ್ನನ್ನೇ ನೋಡಿದಳು. ನಾನು ಪೆನ್ನು ತೆಗೆದು 'ಒಬ್ಬ ಅಧಿಕಾರಿ'ಯನ್ನು ಹೊಡೆದುಹಾಕಿ 'ನಾನು' ಎಂದು ಬರೆದೆ. ಓದಿ ಹೇಳಿದೆ. ಆಮೇಲೆ ಒತ್ತಿದಳು.