ಸರ್ವರ್ ಸುನಂದಕ್ಕ

ಸುನಂದಕ್ಕ ಯಾವ ಕಚೇರಿಗೆ ಸರ್ವರ್ ಆರಿಸಿಕೊಡಲು ಹೋದರೂ, ಬೆಲೆಯ ಮಾತು ಎತ್ತುವ ಮೊದಲು, ಅಲ್ಲಿ ಕೂತವರ ಮುಖಗಳನ್ನೆಲ್ಲ ಒಮ್ಮೆ ನೋಡಿ ಕೇಳುತ್ತಿದ್ದರು: "ಇದು ಸತ್ತೋದ್ರೆ ಯಾರು ಅಳ್ತೀರ?"

ಮದ್ದೂರಿನ ನಮ್ಮ ಕಚೇರಿಯಲ್ಲಿ ಹಾಗೆ ಕೇಳಿದಾಗ ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಉತ್ತರಕ್ಕೆ ಕಾಯುತ್ತ ಗೋಡೆಗೆ ಒರಗಿ ನಿಂತರು. ಕೊನೆಗೆ ನಾನೇ, "ನಾನು ಅಳ್ತೀನಿ ಅಕ್ಕ, ಜನರ ಜಮೀನಿನ ನಕ್ಷೆಯೆಲ್ಲ ಅದರಲ್ಲೇ ಇರುತ್ತೆ" ಅಂದೆ. "ಅಂಗಾದ್ರೆ ನೀನು ಬಾರಮ್ಮ ಈಚೆಗೆ, ನಿನ್ನತ್ರ ಮಾತಾಡ್ತೀನಿ" ಎಂದು ನನ್ನನ್ನು ಜಗಲಿಗೆ ಕರೆದುಕೊಂಡು ಹೋದರು.

ಜಮೀನು ಅಳೆದು ನಕ್ಷೆ ಬರೆದುಕೊಡುವ ಚಿಕ್ಕ ಕಚೇರಿ ನನ್ನದು. ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಅವನ್ನೆಲ್ಲ ತೆಗೆದು, ಪ್ರತಿ ಮೇಜಿಗೂ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಇಟ್ಟು, ಕೆಲಸವೆಲ್ಲ ಒಳಕೋಣೆಯ ಒಂದೇ ಸರ್ವರ್‌ನಲ್ಲಿ ನಡೆಯುವಂತೆ ಮಾಡುವುದೆಂದು ತೀರ್ಮಾನಿಸಿದ್ದೆ. ಥಿನ್ ಕ್ಲೈಂಟ್ ಅನ್ನುತ್ತಾರೆ ಅದಕ್ಕೆ. ಯಂತ್ರವನ್ನು ಆಗಲೇ ಮನಸ್ಸಿನಲ್ಲಿ ಆರಿಸಿಯೂ ಇದ್ದೆ. ಬಹಳ ವೇಗದ್ದು, ನೋಡಲೂ ಚೆಂದ.

ಸುನಂದಕ್ಕ ನಾನು ಫೋನಿನಲ್ಲಿ ತೋರಿಸಿದ ಅದರ ಚಿತ್ರ ನೋಡಿ, ಫೋನನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಓಡೋದು ಚೆನ್ನಾಗೇ ಓಡ್ತದೆ ಕಣಮ್ಮ. ಬಿದ್ರೆ? ಡಿಸ್ಕು ಒಂದೇ, ಪವರ್ ಸಪ್ಲೈ ಒಂದೇ. ನಿಂಗೆ ಬೇಕಾಗಿರೋದು ಒಂದು ಕೈ ಓದ್ರೂ ಇನ್ನೊಂದು ಕೈಲಿ ಇಡ್ಕೊಂಡಿರೋ ಅಂತಾದ್ದು. ಸ್ಪೀಡು ಆಮ್ಯಾಕೆ ನೋಡನ."

ಅವರು ಆರಿಸಿದ್ದು ಕಪ್ಪಗೆ, ಭಾರವಾಗಿ, ಗೋಧಿ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುವ ಯಂತ್ರ. ಒಂದೇ ಬರಹವನ್ನು ಜೊತೆಜೊತೆಗೇ ಬರೆದುಕೊಳ್ಳುವ ಎರಡು ಡಿಸ್ಕು, ಎರಡು ಪವರ್ ಸಪ್ಲೈ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ. ಇಷ್ಟಿದ್ದರೂ ಅವರಿಗೆ ಸಮಾಧಾನವಿಲ್ಲ. ಎಲ್ಲದರ ಇನ್ನೊಂದು ನಕಲು ಬೇರೆ ಸೂರಿನ ಕೆಳಗಿರಲೇಬೇಕೆಂದು ಹಟ ಹಿಡಿದು, ಹನಕೆರೆಯ ನನ್ನ ತಂಗಿಯ ಮನೆಗೆ ತಾವೇ ಸ್ಕೂಟರಿನಲ್ಲಿ ಹೋಗಿ ಅಲ್ಲೊಂದು ಪೆಟ್ಟಿಗೆ ಕೂರಿಸಿ ಬಂದರು.

ಯಂತ್ರವನ್ನು ನಮಗೆ ಒಪ್ಪಿಸುವ ದಿನ ಎಲ್ಲರನ್ನೂ ಕೆಲಸಕ್ಕೆ ಕೂರಿಸಿದರು. ಒಳಕೋಣೆಗೆ ಹೋಗಿ, ಬಾಗಿಲ ಹಿಂದೆ ಯಾರೋ ಮಾತಾಡುವುದನ್ನು ಆಲಿಸುವವರಂತೆ ಸರ್ವರ್‌ಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಓಡುತ್ತಿದ್ದ ಯಂತ್ರದಿಂದ ಒಂದು ಡಿಸ್ಕನ್ನು ಸರಕ್ಕನೆ ಎಳೆದುಬಿಟ್ಟರು. ಹೊರಗೆ ನಕ್ಷೆ ಬರೆಯುತ್ತಿದ್ದವರಿಗೆ ಏನಾಯಿತೆಂದು ಗೊತ್ತಾಗಲೇ ಇಲ್ಲ. ಕೆಲಸ ನಡೆದೇ ಇತ್ತು. ಆದರೆ ಸುನಂದಕ್ಕ ಡಿಸ್ಕನ್ನು ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನೀರು ತಂದುಕೊಟ್ಟೆ. ಆಗ ಹೇಳಿದರು.

ಮಳವಳ್ಳಿಯಲ್ಲಿ ಅವರ ಅಣ್ಣನಿಗೆ ಫೋಟೋ ಸ್ಟುಡಿಯೋ ಇತ್ತು. ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಅದಕ್ಕೆ ಕಂಪ್ಯೂಟರ್ ಆರಿಸಿಕೊಟ್ಟದ್ದು ಇವರೇ. ಫೋಟೋಗಳಿದ್ದ ಡಿಸ್ಕೂ ಅದರ ಪ್ರತಿಯೂ ಒಂದೇ ಡಬ್ಬದೊಳಗಿದ್ದವು. ಒಂದು ಸಂಜೆ ಸಿಡಿಲು ಹೊಡೆದು ಎರಡೂ ಹೋದವು. ಆಗಿನ್ನೂ ಎಲ್ಲರ ಕೈಗೂ ಫೋನು ಬಂದಿರಲಿಲ್ಲ. ಎಷ್ಟೋ ಮನೆಯವರಿಗೆ ತಮ್ಮವರ ಮುಖ ಉಳಿದಿದ್ದದ್ದು ಅಲ್ಲಿ ಮಾತ್ರ.

ಬೇರೆಯವರು ಬಂದರು, ಬೈದರು, ಹೋದರು. ಬೆಳಕವಾಡಿಯ ದೇವೀರಮ್ಮ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಅವರ ಮಗ ಹೊಳೆಗೆ ಈಜಲು ಹೋದವನು ಬದುಕಿ ಬಂದಿರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಲೆಂದು ಆ ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದೇ ಅವನ ಒಂದೇ ಒಂದು ಫೋಟೋ. ಸ್ಟುಡಿಯೋ ಮುಚ್ಚಿ ಅಲ್ಲಿ ಸುನಂದಕ್ಕನ ಕಂಪ್ಯೂಟರ್ ಅಂಗಡಿ ಆದ ಮೇಲೂ ದೇವೀರಮ್ಮ ಪ್ರತಿ ಸೋಮವಾರ ಬಂದು ಬೆಂಚಿನ ಮೇಲೆ ಕೂರುವರು.

"ಸಿಕ್ತೇನವ್ವ?"

"ಇಲ್ಲ ಕಣವ್ವ."

"ಅಲ್ಲೇ ಒಳಗವ್ನೆ ಕಣವ್ವ. ನಿಧಾನಕ್ಕೆ ತಗಿ. ಎದರ್ಕಂಡವ್ನೆ."

"ಅವತ್ತಿಂದ ಯಾವ ಮಿಸೀನಿಗೆ ಕಿವಿ ಕೊಟ್ರೂ ನಂಗೆ ಒಳಗೆ ಯಾರೋ ಇದ್ದಂಗೇ ಕೇಳ್ತದೆ" ಎಂದರು ಸುನಂದಕ್ಕ. "ಉಚ್ಚು ಅಂದ್ಕೊ, ಬುಡು."

ಹುಚ್ಚು ಅಂದುಕೊಳ್ಳಲಿಲ್ಲ. ಆ ದಿನದಿಂದ ನಾವು ಹತ್ತಿರವಾದೆವು. ಸುಟ್ಟ ಡಿಸ್ಕನ್ನು ಅವರು ಎಸೆದಿರಲಿಲ್ಲ. ಸತ್ತ ಡಿಸ್ಕುಗಳಿಂದ ಫೈಲು ತೆಗೆಯುವವರು ಎಲ್ಲೇ ಇದ್ದಾರೆಂದು ಕಿವಿಗೆ ಬಿದ್ದರೂ ಅಲ್ಲಿಗೆ ಕಳಿಸುವರು, ಆಗಲಿಲ್ಲವೆಂದು ಅದು ವಾಪಸು ಬರುವುದು. ಒಮ್ಮೆ ಮಾತ್ರ ಹಾಗಾಗಲಿಲ್ಲ. ಮಧ್ಯಾಹ್ನ ಫೋನು ಬಂತು. ದನಿ ಎಷ್ಟು ಸಣ್ಣಗಿತ್ತೆಂದರೆ ಯಾರೆಂದು ಗುರುತೇ ಹತ್ತಲಿಲ್ಲ.

"ಸಿಕ್ಬುಟ್ಟ ಕಣಮ್ಮ. ನನ್ ಜೊತೆ ಬೆಳಕವಾಡಿಗೆ ಬತ್ತೀಯಾ? ಒಬ್ಳಿಗೆ ಓಗಕ್ಕಾಯ್ತಾ ಇಲ್ಲ."

ಫೋಟೋದ ಕೆಳಭಾಗವೆಲ್ಲ ಬೂದುಬಣ್ಣಕ್ಕೆ ತಿರುಗಿತ್ತು. ಮುಖ ಮಾತ್ರ ಪೂರ್ತಿ ಉಳಿದಿತ್ತು. ಎಣ್ಣೆ ಹಚ್ಚಿ ಬಾಚಿದ ತಲೆ, ನಗು ತಡೆದುಕೊಂಡ ತುಟಿ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು.

ದೇವೀರಮ್ಮ ಹಿತ್ತಲಿನಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಸುನಂದಕ್ಕ ನನ್ನ ತೋಳು ಹಿಡಿದುಕೊಂಡಿದ್ದರು.

"ಚೆನ್ನಾಗವ್ನೆ. ಯಾರ್ ಮಗ?" ಎಂದರು ದೇವೀರಮ್ಮ.

"ನಿನ್ ಮಗನೇ ಕಣವ್ವ. ನೋಡು ಸರಿಯಾಗಿ."

"ಇವ್ನಲ್ಲ ಕಣವ್ವ. ಇವ್ನಿನ್ನೂ ಉಡ್ಗ. ನನ್ ಮಗಂಗೆ ಈಗ ತಲೆಯೆಲ್ಲ ನರೆತದೆ."

ಪಕ್ಕದ ಮನೆಯ ಹೆಂಗಸು ಇಣುಕಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅವನೇ. ಅನುಮಾನವೇ ಇರಲಿಲ್ಲ. ದೇವೀರಮ್ಮ ಫೋಟೋವನ್ನು ಜೋಪಾನವಾಗಿ ಸುನಂದಕ್ಕನ ಕೈಗೆ ಮರಳಿಸಿ, "ಇವ್ನ ಅವ್ವ ಉಡುಕ್ತಿರ್ತಾಳೆ, ಕೊಟ್ಬುಡು" ಎಂದರು.

ಮುಂದಿನ ಸೋಮವಾರ ಮತ್ತೆ ಬಂದರಂತೆ. ಸಿಕ್ತೇನವ್ವ ಅಂದರಂತೆ. "ನೀನೇನಂದೆ ಅಕ್ಕ?" ಎಂದು ಕೇಳಿದೆ.

"ಉಡುಕ್ತಾ ಇವ್ನಿ ಅಂದೆ. ಇನ್ನೇನನ್ಲಿ?"

ಅದಾದ ಮೇಲೆ ಸುನಂದಕ್ಕ ಬಾಡಿದರು. ಕೆಲಸ ಕಡಿಮೆ ಮಾಡಿದರು. ಯಾವುದಾದರೂ ಕಚೇರಿಯವರು ಕರೆದರೆ ಫೋನಿನಲ್ಲೇ ಏನು ಕೊಳ್ಳಬೇಕೆಂದು ಹೇಳಿ ಮುಗಿಸುವರು. ದೇವೀರಮ್ಮ ತೀರಿಕೊಂಡ ಸುದ್ದಿ ನನಗೆ ಬೇರೆಯವರಿಂದ ಬಂತು. ಈಗ ಮಳವಳ್ಳಿಯಲ್ಲಿ ಆ ಅಂಗಡಿಯೂ ಇಲ್ಲ. ಸುನಂದಕ್ಕ ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೆ ತಿಳಿಯದು. ಅವರ ನಂಬರಿಗೆ ಬೇರೆ ಯಾರೋ ಮಾತಾಡುತ್ತಾರೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು, ನಮ್ಮ ಸರ್ವರ್‌ಗೆ ವಯಸ್ಸಾಯಿತು, ಹೊಸದು ಆರಿಸಿಕೊಡಿ ಎಂದು ಕೇಳಲು ಅವರ ಅಂಗಡಿಗೆ ಹೋದಾಗ. ದೇವೀರಮ್ಮ ಹೋಗಿ ತಿಂಗಳುಗಳೇ ಆಗಿದ್ದವು. ಅವತ್ತು ಸೋಮವಾರವೆಂಬುದು ನನ್ನ ತಲೆಯಲ್ಲಿರಲಿಲ್ಲ. ಸುನಂದಕ್ಕ ಸಣ್ಣಗಾಗಿದ್ದರೂ ಮೊದಲಿನಂತೆಯೇ ನಕ್ಕರು. ಎಷ್ಟು ಜನ ಕೂರುತ್ತೀರಿ, ಕರೆಂಟು ಹೇಗಿದೆ ಎಂದೆಲ್ಲ ವಿಚಾರಿಸಿದರು. ಫ್ಲಾಸ್ಕಿನಿಂದ ನನಗೆ ಟೀ ಕೊಟ್ಟರು, ತಮಗೂ ಬಗ್ಗಿಸಿಕೊಂಡರು. ಆಮೇಲೆ ಇನ್ನೊಂದು ಲೋಟ ತುಂಬಿ, ನಾನು ಕೂತಿದ್ದ ಬೆಂಚಿನ ಆ ತುದಿಯಲ್ಲಿಟ್ಟರು.

"ಯಾರಾದ್ರೂ ಬರೋರಿದ್ದಾರಾ ಅಕ್ಕ?"

ಅವರು ನನ್ನನ್ನು ನೋಡಿ, ಮತ್ತೆ ಬೆಂಚಿನ ಕಡೆ ನೋಡಿ, ಪಿಸುದನಿಯಲ್ಲಿ "ಆಗ್ಲೇ ಬಂದವ್ಳಲ್ಲ" ಅಂದರು.

ಬೀದಿಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ಬಿಸಿಲಿತ್ತು. ಲೋಟದಿಂದ ಹಬೆ ಏಳುತ್ತಿತ್ತು. ನಾನು ಸೀರೆಯ ಸೆರಗನ್ನು ಎಳೆದುಕೊಂಡು, ಬೆಂಚಿನ ಮೇಲೆ ಸ್ವಲ್ಪ ಈಚೆಗೆ ಸರಿದು ಕೂತೆ.