ಒಂದೇ ಗಾಜಿನಲ್ಲಿದ್ದ ಚುಕ್ಕಿ

ಆ ಗಾಜು ನನ್ನ ಕೈಯಿಂದ ಜಾರಲಿಲ್ಲ. ನಾನೇ ಬೀಳಿಸಿದೆ. ಹಳಿಯಾಳದ ನಮ್ಮ ಮನೆಯ ಕಿಟಕಿಯ ಬಳಿ ನಿಂತು, ಕಲ್ಲು ಹಾಸಿದ ನೆಲಕ್ಕೆ, ಬೇಕೆಂದೇ ಬೀಳಿಸಿದೆ. ಮಾವನವರಿಗೆ ಮಾತ್ರ ‘ಜಾರಿತ್ರಿ’ ಅಂದೆ. ಆಗಿನ್ನೂ ನಾನು ಮದುವೆಯಾಗಿ ಬಂದ ಹೊಸತು. ಈಗ ಮೊಮ್ಮಕ್ಕಳನ್ನು ಕಂಡಿದ್ದೇನೆ. ಎಷ್ಟೋ ಸಲ ಈ ಮಾತನ್ನು ನಾಲಿಗೆಯ ತುದಿಗೆ ತಂದು ನುಂಗಿದ್ದೇನೆ — ಇನ್ನು ನುಂಗಲಾರೆ.

ಮಾವನವರು ಧಾರವಾಡದ ಕಡೆ ಶಾಲೆಯಲ್ಲಿ ವಿಜ್ಞಾನ ಕಲಿಸಿ, ನಿವೃತ್ತರಾಗಿ ಊರಿಗೆ ಮರಳಿದವರು. ವರ್ಗವಾಗಿ ಹೊರಟಿದ್ದ ಅರಣ್ಯ ಸಾಹೇಬನೊಬ್ಬನ ದುರ್ಬೀನು ಕೊಂಡು, ಅದಕ್ಕೆ ಕ್ಯಾಮೆರಾ ಜೋಡಿಸಿ, ಬೇಸಿಗೆ ಬಂತೆಂದರೆ ದಕ್ಷಿಣ ದಿಕ್ಕಿನ ಒಂದು ನಕ್ಷತ್ರಗುಚ್ಛದ ಚಿತ್ರವನ್ನು ಗಾಜಿನ ಫಲಕದ ಮೇಲೆ ತೆಗೆಯುತ್ತಿದ್ದರು. ಬರಿಗಣ್ಣಿಗೆ ಅದು ಮಸುಕಾದ ಒಂದೇ ಚುಕ್ಕಿ. ಚಿತ್ರದಲ್ಲಿ ನೋಡಿದರೆ ಮುಷ್ಟಿ ರವೆ ಚೆಲ್ಲಿದ ಹಾಗೆ — ನಡುವೆ ಒತ್ತೊತ್ತಾಗಿ, ಅಂಚಿಗೆ ಬಿಡಿಬಿಡಿಯಾಗಿ. ಅವುಗಳಲ್ಲಿ ಕೆಲವು ನಕ್ಷತ್ರಗಳ ಬೆಳಕು ದಿನ ಹೋದಂತೆ ಏರುತ್ತದೆ, ಇಳಿಯುತ್ತದೆ. ಬೇರೆ ಬೇರೆ ದಿನದ ಗಾಜುಗಳನ್ನು ಹಗಲಿನಲ್ಲಿ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಹೋಲಿಸಿದರೆ ತಿಳಿಯುತ್ತದೆ. ಗಾಜಿನ ಮೇಲೆ ನಕ್ಷತ್ರ ಕಪ್ಪಾಗಿ ಮೂಡಿರುತ್ತದೆ. ಏರಿದ ದಿನ ದಪ್ಪ, ಇಳಿದ ದಿನ ಸಣ್ಣ. ಆದರೆ ಪಾಪ, ಮಾವನವರ ಕಣ್ಣಿಗೆ ಪೊರೆ ಬರತೊಡಗಿತ್ತು.

ಒಂದು ದಿನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಅವರು ಬಂದು ನಿಂತು ನೋಡಿದರು. “ಇಷ್ಟ ಸಣ್ಣ ಹರಳ ನಿನಗ ಕಾಣತಾವೇನವಾ?” ಕಾಣುತ್ತವೆ ಅಂದೆ. “ಹಂಗಾದ್ರ ಮರ ಅಲ್ಲೇ ಇಟ್ಟು ಬಾ ಇಲ್ಲಿ.” ಹಾಗೆ ನಾನು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆ ಕಿಟಕಿಗೆ ಬಂದೆ. ಅತ್ತೆಗೆ ಇದು ಹಿಡಿಸಲಿಲ್ಲ. ಸೊಸೆ ಹಗಲೆಲ್ಲ ಗಾಜು ನೋಡುತ್ತ ಕೂತರೆ ರೊಟ್ಟಿ ಬಡಿಯುವವರು ಯಾರು? ಕೇಳಿದ್ದು ನ್ಯಾಯವೇ. ಆದರೆ ನನಗೆ ಆ ಕಿಟಕಿ ಬೇಕಾಗಿತ್ತು. ಯಾವ ಒಡವೆಯನ್ನೂ ನಾನು ಅಷ್ಟು ಆಸೆಪಟ್ಟಿಲ್ಲ.

ಆ ಬೇಸಿಗೆಯಲ್ಲೇ ಒಂದು ಗಾಜಿನಲ್ಲಿ ದಪ್ಪನೆಯ ಚುಕ್ಕಿಯೊಂದು ಕಂಡಿತು. ಬೇರೆ ಯಾವ ಗಾಜಿನಲ್ಲೂ ಆ ಜಾಗದಲ್ಲಿ ಏನೂ ಇಲ್ಲ! ಮಾವನವರು ಕಣ್ಣು ಕಿರಿದು ಮಾಡಿ, ಗಾಜನ್ನು ಮೂಗಿಗೆ ತಂದುಕೊಂಡು ನೋಡಿದರು. “ಇದು ಯಾರ ಪಟ್ಟಿಯೊಳಗೂ ಇಲ್ಲ ನೋಡವಾ. ನಿನಗ ಕಂಡೈತಿ.” ಅತ್ತೆಯನ್ನು ಕೂಗಿದರು, ನೆರೆಯವರಿಗೆ ಹೇಳಿದರು, ಪುಣೆಯಲ್ಲಿದ್ದ ತಮ್ಮ ಗುರುಗಳಿಗೂ ತಿಳಿಸಿದರು. ಅತ್ತೆ ಅಂದು ನನ್ನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡರು: “ರೊಟ್ಟಿ ನಾ ಬಡೀತೇನಿ. ನೀ ಹೋಗು, ನಿನ್ನ ಚುಕ್ಕಿ ನೋಡು.” ನನ್ನ ಜನ್ಮದಲ್ಲಿ ಅಂಥ ಸಂತೋಷ ಮತ್ತೊಂದಿಲ್ಲ.

ಗಾಜು ಕಳಿಸಿ, ನೋಡುತ್ತೇನೆ ಎಂದು ಪುಣೆಯಿಂದ ಉತ್ತರ ಬಂತು. ಕಳಿಸಲೆಂದು ಕಾಗದ ಸುತ್ತುವಾಗ ಗಾಜು ಸ್ವಲ್ಪ ಓರೆಯಾಯಿತು. ಬೆಳಕು ಪಕ್ಕದಿಂದ ಬಿತ್ತು. ನನ್ನ ಚುಕ್ಕಿ — ಬೆಳ್ಳಗಿತ್ತು. ಚಿತ್ರ ಮೂಡಿದ ಬದಿಗೆ ಬೆರಳು ತಾಕಿಸಬಾರದೆಂದು ಮಾವನವರ ಕಟ್ಟಪ್ಪಣೆ. ತಾಕಿಸಿದೆ. ಪುಡಿಯಾಗಿ ಬೆರಳಿಗೆ ಬಂತು. ವಿಭೂತಿ! ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಹಸಿ ವಿಭೂತಿ ಧರಿಸಿ ನೇರ ಬಂದು ಗಾಜಿನ ಮೇಲೆ ಬಗ್ಗುತ್ತಿದ್ದೆನಲ್ಲ — ಅದರದೇ ಒಂದು ಹಕ್ಕಳೆ ಉದುರಿ ಅಂಟಿತ್ತು. ಬೆಳಕಿಗೆ ಹಿಡಿದಾಗ ಅದೇ ಕಪ್ಪಾಗಿ, ನಕ್ಷತ್ರದಂತೆ ಕಂಡಿತ್ತು.

ಹೇಳಿದ್ದರೆ ಮುಗಿಯುತ್ತಿತ್ತು. ಮಾವನವರು ನಕ್ಕುಬಿಡುತ್ತಿದ್ದರೇನೋ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಒಲೆ, ಹೊಗೆ, ಹಿಟ್ಟಿನ ಪರಾತ. ಗಾಜು ಪುಣೆಗೆ ಹೋದರೆ ಅಲ್ಲಿ ಚುಕ್ಕಿ ಇಲ್ಲವೆಂದು ಗೊತ್ತಾಗುತ್ತದೆ, ನನ್ನ ಕಣ್ಣಿನ ಬೆಲೆ ಹೋಗುತ್ತದೆ, ಕಿಟಕಿಯೂ ಹೋಗುತ್ತದೆ... ಕೈ ಬಿಟ್ಟೆ. ಸದ್ದು ಕೇಳಿ ಮಾವನವರು ಗೋಡೆ ಹಿಡಿದುಕೊಂಡು ಬಂದರು.

“ಜಾರಿತ್ರಿ, ಮಾವಾರ.”

“ಗಾಜು ಹೋದ್ರ ಹೋಗ್ಲಿ. ನಿನ್ನ ಕೈಗೆ ಚುಚ್ಚಿಲ್ಲಲಾ?”

ಆ ಒಂದು ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ವರ್ಷಗಳು — ಸುಳ್ಳು ಯಾಕೆ ಹೇಳಲಿ — ಸುಖವಾಗಿಯೇ ಕಳೆದವು. ಎರಡನೆಯ ಮಹಾಯುದ್ಧ ಬಂದು ಗಾಜು ಸಿಗುವುದು ಕಷ್ಟವಾಯಿತು, ಸಿಕ್ಕಷ್ಟರಲ್ಲೇ ನಡೆಸಿದೆವು. ಮಾವನವರು ಮಾತಿನಲ್ಲಿ ದಾರಿ ತೋರಿಸಿದರು, ಯಜಮಾನರು ಕಟ್ಟಿಗೆ ಡಿಪೋದ ಕೆಲಸ ಮುಗಿಸಿ ಬಂದು ದುರ್ಬೀನು ತಿರುಗಿಸಿದರು. ನಿಜವಾಗಿ ಏರಿಳಿಯುವ ನಕ್ಷತ್ರಗಳ ಗುರುತು ನನಗೆ ಮನೆಮಂದಿಯ ನಡಿಗೆಯಷ್ಟೇ ಚೆನ್ನಾಗಿ ಸಿಕ್ಕಿತು. ನಾನು ಅಳೆದದ್ದು ಸರಿಯಿದೆ ಎಂದು ಪುಣೆಯವರೂ ಮೆಚ್ಚಿದರು. ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಆದರೆ ಆ ಚುಕ್ಕಿಯೂ ಏರಿಳಿಯುವಂಥದ್ದು, ಎಂದಾದರೂ ಮತ್ತೆ ಏರಿ ಬಂದೀತು ಎಂದು ಮಾವನವರು ನಂಬಿದ್ದರು. ಹೊಸ ಗಾಜು ತೊಳೆದು ಒಣಗಿಸಿದಾಗಲೆಲ್ಲ ಅವರ ಮೊದಲ ಪ್ರಶ್ನೆ ಒಂದೇ: “ಬಂತೇನವಾ?”

“ಇಲ್ರಿ.”

“ಬರ್ತೈತಿ ತಗೋ. ಅದಕ್ಕೇನು ನಮ್ಮಂಗ ಗಡಿಬಿಡಿ ಐತೇನು?”

ಹೀಗೆ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮೊದಲು ಭಯಕ್ಕೆ ಹೇಳಲಿಲ್ಲ. ಆಮೇಲೆ, ಕಣ್ಣು ಪೂರ್ತಿ ಹೋದ ಮುದುಕರಿಗೆ ಇರುವ ಒಂದು ಆಸೆಯನ್ನೂ ಕಿತ್ತುಕೊಳ್ಳಲೇ ಎಂದು ಹೇಳಲಿಲ್ಲ. ಎರಡನೆಯದು ಕರುಣೆಯೆಂದು ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅದೂ ಭಯವೇ. ನನ್ನನ್ನು ತಮ್ಮ ಕಣ್ಣೆಂದು ನಂಬಿದವರನ್ನು ನಾನು ಇಲ್ಲದ್ದನ್ನು ಕಾಯಲು ಹಚ್ಚಿದೆ.

ಹಾಸಿಗೆ ಹಿಡಿದ ಮೇಲೂ ಕೇಳಿದರು. ಇಲ್ಲ ಅಂದೆ. “ನಾ ಹೋದ ಮ್ಯಾಲೂ ನೋಡ್ತಿರವಾ. ಬಂದ್ರ ನನಗ ಹೇಳು.” ಹೂಂ ಅಂದೆ.

ಆ ಮಾತು ನಡೆಸಿದ್ದೇನೆ. ಕೈಗೆ ಯಾವ ಗಾಜು ಬಂದರೂ, ಏನೂ ಇಲ್ಲವೆಂದು ಗೊತ್ತಿದ್ದೂ, ಮೊದಲು ಆ ಜಾಗವನ್ನೇ ನೋಡಿದ್ದೇನೆ. ಹೇಳುವುದೊಂದು ಬಾಕಿ ಇತ್ತು.

ಮಾವಾರ, ಇನ್ನ ಕಾಯಬ್ಯಾಡ್ರಿ. ಅದು ಬರೂದಿಲ್ಲ. ಅದು ನನ್ನ ಹಣಿ ಮ್ಯಾಲಿನ ವಿಭೂತಿ ಇತ್ರಿ.