ಶಾಂತಾಬಾಯಿಯ ಉಲ್ಟಾ ಡಯೋಡ್

ನಾಸಿಕದ ರೇಡಿಯೋ ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್ ನಾನು. ಹೊಗಳಿಕೆಯೆಲ್ಲ ಹೊಸದಾಗಿ ಸೇರಿದ ಬೀದರಿನ ಶಾಂತಾಬಾಯಿಗೆ. ಔರಂಗಾಬಾದಿನ ಶಾಲೆಯೊಂದರಲ್ಲಿ ಬ್ಯಾಟರಿ ಬೇಡದ ರೇಡಿಯೋ ಮಾಡಿ ತೋರಿಸಲು ಮಾಲೀಕರು ನಮ್ಮಿಬ್ಬರನ್ನೂ ಕಳಿಸಿದರು. ಅಲ್ಲಿಯೂ ಜೋಡಿಸಲು ಕೂತವಳು ಆಕೆಯೇ. ನಾನು ಹೊಟ್ಟೆಕಿಚ್ಚಿನಿಂದ ತಪ್ಪು ಹುಡುಕುತ್ತ ನಿಂತೆ. ಸಿಕ್ಕೇಬಿಟ್ಟಿತು!

“ಡಯೋಡ್ ಉಲ್ಟಾ ಹಾಕೀರಿ. ಅದರಾಗ ಕರೆಂಟು ಒಂದೇ ಕಡೆ ಹರೀತದ,” ಎಂದೆ, ಹೆಡ್‌ಮಾಸ್ತರರಿಗೂ ಕೇಳುವಂತೆ.

“ಇರಲಿ ಬಿಡ್ರಿ. ತರಂಗದ ಮ್ಯಾಲಿನ ಅರ್ಧ ಹೋದ್ರ ಕೆಳಗಿನ ಅರ್ಧ ಬರ್ತದ. ಹಾಡು ಎರಡರಾಗೂ ಅದೇ,” ಎಂದು ಆಕೆ ಇಯರ್‌ಫೋನನ್ನು ನನ್ನ ಕಿವಿಗೇ ಇಟ್ಟಳು. ಭಜನೆ ಸ್ಪಷ್ಟವಾಗಿ ಕೇಳಿಸಿತು.

ಕಲಬುರ್ಗಿಯವರಾದ ಹೆಡ್‌ಮಾಸ್ತರರು ಆಕೆಗೆ ಶಾಲು ಹೊದಿಸಿ, ನನ್ನ ಕಡೆ ತಿರುಗಿದರು.

“ನೀವೂ ಇವರ ಕೈಕೆಳಗನೇ ಕಲಿಯಾಕತ್ತೀರೇನ್ರಿ?”

ಶಾಂತಾಬಾಯಿ ‘ಇಲ್ಲ, ಇವರೇ ಹಿರಿಯರು’ ಎನ್ನಬಹುದಿತ್ತು. ಆರಾಮಾಗಿ ಚಹಾ ಕುಡಿಯುತ್ತ ಕೂತಿದ್ದಳು.